‘ಪರವಾನಗಿ ಬೇಕಿಲ್ಲ’ ಎಂದು ಮಾರುವ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್‌ಗಳನ್ನು ನಂಬಬೇಡಿ

ಒಂದೇ ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ, ತಾಮ್ರದ ತಂತಿಯ ಪುಟ್ಟ ಸುರುಳಿ ಮತ್ತು ಆವರ್ತನ ಹೊಂದಿಸಲು ತಿರುಗಿಸುವ ಒಂದು ಟ್ರಿಮರ್ ಇರುವ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್‌ಗಳು ಅಂತರ್ಜಾಲದ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ‘ಕಡಿಮೆ ಶಕ್ತಿಯದು, ಪರವಾನಗಿ ಬೇಕಿಲ್ಲ, ಮಕ್ಕಳೂ ಮಾಡಬಹುದು’ ಎಂಬ ಮಾತನ್ನು ನಂಬಿ ತರಿಸಿಕೊಂಡ ಅಂಥದ್ದೊಂದು ಕಿಟ್ ನಮ್ಮ ಮನೆಯಲ್ಲಿ ಏನು ಮಾಡಿತೆಂಬುದನ್ನು, ಇನ್ನೊಂದು ಮನೆಯಲ್ಲಿ ಹಾಗಾಗದಿರಲೆಂದು ಬರೆಯುತ್ತಿದ್ದೇನೆ.

ಹಾಸಿಗೆ ಹಿಡಿದಿರುವ ನಮ್ಮ ತಂದೆಯವರಿಗೆ ಹಳೆಯ ರೇಡಿಯೊ ಬಿಟ್ಟರೆ ಬೇರೆ ಉಪಕರಣ ಒಗ್ಗದು. ಫೋನಿನಲ್ಲಿರುವ ವಚನಗಾಯನವನ್ನು ಆ ರೇಡಿಯೊಗೇ ತಲುಪಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಪಿಯುಸಿ ಓದುವ ಸೋದರಳಿಯ ಕಿಟ್ ಜೊತೆ ಬಂದ ಕರಪತ್ರದಲ್ಲಿದ್ದಂತೆಯೇ ಸುರುಳಿ ಸುತ್ತಿ, ರೇಡಿಯೊವನ್ನು 98 ಮೆಗಾಹರ್ಟ್ಸ್ ಬಳಿ ಇಟ್ಟು, ಧ್ವನಿ ಕೇಳುವವರೆಗೆ ಟ್ರಿಮರ್ ತಿರುಗಿಸಿದ. ಹಾಡು ಸ್ಪಷ್ಟವಾಗಿ ಬಂತು. ಆದರೆ ಅದೇ ಮೇಜಿನ ಮೇಲಿದ್ದ ಫೋನಿನ ಎಫ್‌ಎಂನಲ್ಲಿ 98ರಲ್ಲಿ ಏನೂ ಕೇಳಿಸಲಿಲ್ಲ. ಇದು ವಿಚಿತ್ರವೆನಿಸಿ, ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಹೊಂದಿರುವ ಕುಟುಂಬದ ಸ್ನೇಹಿತರೊಬ್ಬರನ್ನು ಕರೆದೆವು. ಅವರು ಕಂಪ್ಯೂಟರಿಗೆ ಜೋಡಿಸುವ ರೇಡಿಯೊ ರಿಸೀವರಿನಲ್ಲಿ ನೋಡಿ, ಮರುಕ್ಷಣವೇ ಬ್ಯಾಟರಿ ಕಿತ್ತಿಟ್ಟರು. ನಮ್ಮ ಟ್ರಾನ್ಸ್‌ಮಿಟರ್ 98ರಲ್ಲಿ ಇರಲೇ ಇಲ್ಲ, 119.4 ಮೆಗಾಹರ್ಟ್ಸ್ ಆಸುಪಾಸಿನಲ್ಲಿತ್ತು.

ಇದರ ಕಾರಣವನ್ನು ಕಿಟ್ ಮಾರುವವರು ಹೇಳುವುದಿಲ್ಲ. ಹಳೆಯ ಮಾದರಿಯ ಎಫ್‌ಎಂ ರೇಡಿಯೊ, ನಾವು ಆರಿಸಿದ ಆವರ್ತನಕ್ಕಿಂತ ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್ ಮೇಲಿನ ಒಂದು ಸಂಕೇತವನ್ನು ತನ್ನೊಳಗೇ ಹುಟ್ಟಿಸಿ, ಒಳಬಂದ ಸಂಕೇತದೊಡನೆ ಅದನ್ನು ಬೆರೆಸಿ, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಮುಂದಕ್ಕೆ ಕಳುಹಿಸುತ್ತದೆ. ಆ ವ್ಯತ್ಯಾಸ ಕೆಳಗಿನಿಂದ ಬಂದರೂ ಮೇಲಿನಿಂದ ಬಂದರೂ ಅದಕ್ಕೆ ಒಂದೇ. ಆದ್ದರಿಂದ 98ಕ್ಕಿಂತ 21.4 ಮೆಗಾಹರ್ಟ್ಸ್ ಮೇಲಿರುವ ಸಂಕೇತ ಹತ್ತಿರದಲ್ಲೇ, ಜೋರಾಗಿ ಇದ್ದರೆ, ಅದೂ 98ರಲ್ಲೇ ಕೇಳುತ್ತದೆ. ಸುರುಳಿಯ ಸುತ್ತುಗಳು ಸ್ವಲ್ಪ ಅಗಲಗೊಂಡರೂ ಆವರ್ತನ ಮೇಲೇರುವ ಸರ್ಕ್ಯೂಟಿನಲ್ಲಿ ‘ಧ್ವನಿ ಕೇಳಿದರೆ ಸಾಕು’ ಎಂಬ ಸೂಚನೆ ಎಷ್ಟು ಬೇಜವಾಬ್ದಾರಿಯದೆಂದು ಯೋಚಿಸಿ.

118ರಿಂದ 137 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯಲ್ಲಿ (ಬ್ಯಾಂಡ್) ಪೈಲಟ್‌ಗಳೂ ನಿಯಂತ್ರಣ ಗೋಪುರಗಳೂ ಮಾತನಾಡಿಕೊಳ್ಳುತ್ತಾರೆ. ನಾವಿರುವುದು ಯಲಹಂಕದ ಕಡೆ. ವಾಯುಪಡೆಯ ನೆಲೆ, ಜಕ್ಕೂರು ಏರೋಡ್ರೋಮ್, ಕೆಂಪೇಗೌಡ ವಿಮಾನ ನಿಲ್ದಾಣ ಎಲ್ಲವೂ ಸುತ್ತಮುತ್ತಲೇ ಇವೆ. ಆಕಾಶದಲ್ಲಿರುವ ವಿಮಾನಕ್ಕೂ ನೆಲಕ್ಕೂ ನಡುವೆ ಗೋಡೆ, ಮರಗಳ ಅಡ್ಡಿ ಇಲ್ಲದಿರುವುದರಿಂದ, ಬೀದಿಯ ತುದಿಗೆ ತಲುಪದ ಕೆಲವೇ ಮಿಲಿವ್ಯಾಟ್ ಶಕ್ತಿಯೂ ಮೇಲಕ್ಕೆ ಬಹುದೂರ ಹೋಗಬಲ್ಲದು. ವಿಮಾನಗಳ ಸಂಭಾಷಣೆ ಎಎಂ ವಿಧಾನದ್ದು, ಅಂದರೆ ಸಂಕೇತದ ಬಲವನ್ನು ಏರಿಳಿಸಿ ಧ್ವನಿ ಸಾಗಿಸುವಂಥದು; ಅದರ ಮೇಲೆ ಇನ್ನೊಂದು ಸಂಕೇತ ಬಿದ್ದರೆ ಮಾತಿನ ಮೇಲೆ ಸಿಳ್ಳೆಯ ಸದ್ದು ಕೂರುತ್ತದೆ.

ಸರಿಯಾದ ಆವರ್ತನ ಸಿಕ್ಕರೂ ಅದು ನಿಲ್ಲುವುದಿಲ್ಲ. ಆಂಟೆನಾವನ್ನು ನೇರವಾಗಿ ಆವರ್ತನ ಹುಟ್ಟಿಸುವ ಭಾಗಕ್ಕೇ (ಆಂದೋಲಕ) ಬೆಸೆದಿರುವ ಈ ಸರ್ಕ್ಯೂಟುಗಳಲ್ಲಿ ಕೈ ಹತ್ತಿರ ಬಂದರೂ, ಬ್ಯಾಟರಿ ಕುಗ್ಗಿದರೂ, ಬಿಸಿ ಏರಿದರೂ ಆವರ್ತನ ಜಾರುತ್ತದೆ. ಇಷ್ಟಾಗಿಯೂ ‘ಕೇಂದ್ರಗಳು ಕಡಿಮೆ ಇರುವ 108ರ ತುದಿಗೆ ಹೋಗಿ’ ಎಂದು ಆ ಕರಪತ್ರ ಸಲಹೆ ನೀಡಿತ್ತು. 108 ದಾಟಿದೊಡನೆ ವಿಮಾನಗಳ ದಿಕ್ಸೂಚನೆಯ ಪಟ್ಟಿ ಆರಂಭವಾಗುತ್ತದೆ. ಮೋಡ ಕವಿದಾಗ ವಿಮಾನವನ್ನು ರನ್‌ವೇಯ ನೇರಕ್ಕೆ ತರುವ ಲೋಕಲೈಸರ್ ಇರುವುದು 108.1ರಿಂದ 111.95ರ ನಡುವೆ. ಆ ಸಲಹೆಯನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಮಾರಾಟಗಾರರನ್ನು ವಿಚಾರಿಸಿದರೆ, ಬೇರೆ ಯಾರೂ ದೂರಿಲ್ಲವೆಂಬ ಉತ್ತರ ಬಂತು, ಹಣ ಮರಳಲಿಲ್ಲ. ‘ಪರವಾನಗಿ ಬೇಕಿಲ್ಲ’ ಎಂಬುದಕ್ಕೆ ಅವರು ತೋರಿಸಿದ್ದು ಅಮೆರಿಕದ ನಿಯಮವನ್ನು. ಅದು ಅಲ್ಲಿಗೆ ಮಾತ್ರ ಅನ್ವಯಿಸುವಂಥದು. ಅಲ್ಲಿಯೂ 3 ಮೀಟರ್ ದೂರದಲ್ಲಿ ಸಂಕೇತದ ಬಲ ಮೀಟರಿಗೆ 250 ಮೈಕ್ರೊವೋಲ್ಟ್ ಮೀರುವಂತಿಲ್ಲ. ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯು ಇಂಥ ಉಪಕರಣವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ರೇಡಿಯೊ ಉಪಕರಣ ಹೊಂದಲು ಅಧಿಕೃತ ಅನುಮತಿ ಇಲ್ಲವೇ ವಿನಾಯಿತಿ ಇರಬೇಕು.

ಮನೆಯೊಳಗೆ ಹಾಡು ಕೇಳಿಸಲು ಒಂದು ಬ್ಲೂಟೂತ್ ಸ್ಪೀಕರ್ ಸಾಕು. ಗುಂಡಿಗಳು ದೊಡ್ಡದಿರುವಂಥದನ್ನು ಆರಿಸಿದರೆ ಹಿರಿಯರಿಗೂ ಒಗ್ಗುತ್ತದೆ. ಟ್ರಾನ್ಸ್‌ಮಿಟರನ್ನು ಕೈಯಾರೆ ಕಟ್ಟುವ ಹಂಬಲ ಇರುವ ಮಕ್ಕಳನ್ನು ದಯವಿಟ್ಟು ನಿರುತ್ಸಾಹಗೊಳಿಸಬೇಡಿ, ಹ್ಯಾಮ್ ಪರೀಕ್ಷೆಗೆ ಕಳುಹಿಸಿ. 12 ವರ್ಷ ತುಂಬಿದವರು ಅದನ್ನು ಬರೆಯಬಹುದು, ಪರವಾನಗಿ ಬಂದ ಮೇಲೆ ಹವ್ಯಾಸಿಗಳಿಗೆ ಮೀಸಲಾದ ಪಟ್ಟಿಗಳಲ್ಲಿ ತಾವೇ ಕಟ್ಟಿದ ಟ್ರಾನ್ಸ್‌ಮಿಟರಿನಿಂದ ಮಾತನಾಡಬಹುದು. ನಮ್ಮ ಸೋದರಳಿಯ ಈಗ ಅದಕ್ಕೇ ಓದುತ್ತಿದ್ದಾನೆ.