ನಾಡಾದವರ (ದೇಶದ ಡೋಪಿಂಗ್ ತಡೆ ಸಂಸ್ಥೆ) ನೋ ಯುವರ್ ಮೆಡಿಸಿನ್ ಆಪ್: ಆಟ ಆಡೋ ಮಕ್ಕಳಿರೋ ಮನೇಲಿ ಇರ್ಲೇಬೇಕು (4/5)

ನಾನು ಸಂಜೆ ಹೊತ್ತು ಊರಿನ ಮಕ್ಕಳಿಗೆ ಓಟ ಹೇಳ್ಕೊಡ್ತೀನಿ. ಹೋದ್ವರ್ಷ ಸ್ಟೇಟ್ ಮೀಟ್‌ಗೆ ನಾಲ್ಕು ದಿನ ಇದೆ ಅನ್ನುವಾಗ ನಮ್ಮ 400 ಮೀಟರ್ ಹುಡುಗಿಗೆ ಕೆಮ್ಮು ಹಿಡ್ಕೊಳ್ತು, ಅವಳಪ್ಪ ಮೆಡಿಕಲ್‌ನಿಂದ ಒಂದು ಸಿರಪ್ ತಂದ್ರು, ನಂಗ್ಯಾಕೋ ಅನುಮಾನ ಬಂದು ಬಾಟ್ಲಿ ಮೇಲಿನ ಸಣ್ಣ ಅಕ್ಷರ ಓದಿದ್ರೆ ಟರ್ಬುಟಲಿನ್ ಅಂತಿದೆ. ಆಪಲ್ಲಿ ಹುಡುಕ್ದೆ, ಆಟಗಾರರಿಗೆ ನಿಷೇಧ ಅಂತ ಬಂತು. ಎದೆ ಧಸಕ್ ಅಂತು. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಡೋಪ್ ಟೆಸ್ಟಲ್ಲಿ ಸಿಕ್ಕಿಬಿದ್ದಿದ್ದು ಇದೇ ಟರ್ಬುಟಲಿನ್‌ಗೆ, ಬೇಕಂತ ತಗೊಂಡಿದ್ದಲ್ಲ ಅಂತ ಬಿಸಿಸಿಐ ಒಪ್ಕೊಂಡ್ರೂ 8 ತಿಂಗಳು ನಿಷೇಧ ತಪ್ಪಲಿಲ್ಲ. ಹುಡುಗಿ ಶುಂಠಿ ಕಷಾಯ ಕುಡ್ದೇ ಓಡಿದ್ಲು.

ಆಪ್ ಫ್ರೀ. ಔಷಧಿ ಹೆಸರು ಹಾಕಿ ನೋಡ್ಬೋದು, ಒಳಗಿರೋ ಅಂಶದ ಹೆಸರಲ್ಲೂ ಹುಡುಕ್ಬೋದು, ಫೋಟೋ ಇಟ್ಟು ಇಲ್ಲ ಬಾಯಲ್ಲಿ ಹೇಳಿ ಹುಡುಕೋ ಸೌಲಭ್ಯನೂ ಇದೆ. ಯಾವ ಆಟ ಅಂತ ಆರಿಸ್ಕೊಳ್ಳೋಕೂ ಆಗುತ್ತೆ, ಇದು ತುಂಬಾ ಮುಖ್ಯ, ಯಾಕಂದ್ರೆ ಬಿಪಿಗೆ ಕೊಡೋ ಬೀಟಾ ಬ್ಲಾಕರ್ ಮಾತ್ರೆ ಓಟಗಾರರಿಗೆ ನಿಷೇಧ ಇಲ್ಲ, ಕೈ ನಡುಕ ಕಮ್ಮಿ ಮಾಡುತ್ತೆ ಅಂತ ಶೂಟಿಂಗ್, ಆರ್ಚರಿಯವರಿಗೆ ನಿಷೇಧ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ ಶಕ್ತಿಗೆ ಅಂತ ಮಾರೋ ಪೌಡರ್ ಡಬ್ಬಗಳ ವಿಷ್ಯಕ್ಕೆ. ಲೇಬಲ್ ಮೇಲೆ ಬರೀದೇ ಇರೋದು ಒಳಗಿದ್ರೆ ಯಾವ ಆಪ್ ತಾನೇ ಹೇಳೋಕಾಗುತ್ತೆ? ಸಿದ್ದಾಪುರ ಕಡೆಯ ನಮ್ಮ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸಲ್ಲಿ ಎರಡು ಚಿನ್ನ ತಂದವರು, ಮುಂದಿನ ವರ್ಷನೇ ಸ್ಟೀರಾಯ್ಡ್ ಪತ್ತೆ ಆಯ್ತು, ಕೋಚ್ ಕೊಟ್ಟ ಜಿನ್‌ಸೆಂಗ್ ಅನ್ನೋ ಬೇರಿನ ಔಷಧಿಯಿಂದ ಅಂದ್ರು, ಇಲ್ಲಿ 1 ವರ್ಷ ಅಂತಿದ್ದ ಶಿಕ್ಷೆನ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2 ವರ್ಷ ಮಾಡ್ತು, ಲಂಡನ್ ಒಲಿಂಪಿಕ್ಸ್ ಕೈ ತಪ್ಪಿತು. ಆ ಸುದ್ದಿ ಓದಿದಾಗಿನ ಸಂಕಟ ನಂಗೆ ಇವತ್ತಿಗೂ ಹೋಗಿಲ್ಲ. ಮೈಯಲ್ಲಿ ಏನು ಸಿಕ್ಕಿದ್ರೂ ಆಟಗಾರರೇ ಹೊಣೆ, ಯಾರು ಕೊಟ್ರು ಅನ್ನೋದು ಆಮೇಲಿನ ಮಾತು.

2022ರಲ್ಲಿ ಡೋಪಿಂಗ್ ತಡೆ ಕಾಯ್ದೆ ಬಂತು, ಟೆಸ್ಟೂ ಜಾಸ್ತಿ ಆಗಿದೆ, 2023ರಲ್ಲಿ ನಮ್ಮ ದೇಶದ 5606 ಸ್ಯಾಂಪಲ್‌ನಲ್ಲಿ 213 ಪಾಸಿಟಿವ್. ಅದರಲ್ಲಿ ಗೊತ್ತಿದ್ದೇ ಮಾಡ್ದೋರು ಇರ್ತಾರೆ, ಅವರಿಗೆ ಆಪ್ ಬೇಡ. ಆದ್ರೆ ಸಿರಪ್ ಕುಡ್ದು ಸಿಕ್ಕಿಹಾಕ್ಕೊಳ್ಳೋ ಮಕ್ಕಳನ್ನ ಇದು ಖಂಡಿತ ಉಳಿಸುತ್ತೆ, ಇದನ್ನ ತಾಲೂಕು ಕ್ರೀಡಾಕೂಟದಲ್ಲೇ ಮೈಕಲ್ಲಿ ಹೇಳ್ಬೇಕು, ಪಿಟಿ ಮೇಷ್ಟ್ರುಗಳಿಗೆ ಕೂರ್ಸಿ ತೋರಿಸ್ಬೇಕು.

ನಮ್ಮ ಗ್ರೌಂಡಲ್ಲಿ ಈಗ ಒಂದೇ ರೂಲ್, ಯಾವ ಮಾತ್ರೆ ನುಂಗೋದಾದ್ರೂ ಮೊದ್ಲು ಸ್ಟ್ರಿಪ್ ಫೋಟೋ ನಂಗೆ ವಾಟ್ಸಾಪ್ ಮಾಡ್ಬೇಕು. ಪೌಡರ್ ಕೇಳ್ದೋರಿಗೆ ನೆನೆಸಿದ ಶೇಂಗಾ, ಮೊಟ್ಟೆ.