ಮೊದಲ ಕ್ಯಾಮೆರಾ: ಕ್ಯಾನನ್ ಆರ್50, ಜೊತೆಗೆ ಎರಡು ಉಚಿತ ಎಡಿಟಿಂಗ್ ಸಾಫ್ಟ್‌ವೇರ್

ಮೊದಲ ಸಲ ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಲೆಕ್ಕ ಹಾಕುತ್ತಾ ಕೂರುತ್ತಾರೆ. ನಿಜವಾಗಿ ನೋಡಬೇಕಾದದ್ದು ಸೆನ್ಸರಿನ (ಬೆಳಕು ಹಿಡಿಯುವ ಚಿಪ್) ಅಳತೆ, ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮತ್ತು ಆ ಕ್ಯಾಮೆರಾದ ರಾ ಫೈಲನ್ನು (ಸೆನ್ಸರ್ ಹಿಡಿದ, ಇನ್ನೂ ಸಂಸ್ಕರಿಸದ ಮಾಹಿತಿ) ಯಾವ ಸಾಫ್ಟ್‌ವೇರ್ ಚೆನ್ನಾಗಿ ತೆರೆಯುತ್ತದೆ ಎಂಬುದು. ಈ ಲೆಕ್ಕದಲ್ಲಿ 2023ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್50 ಹೊಸಬರಿಗೆ ಒಳ್ಳೆಯ ಆಯ್ಕೆ. ಆದರೆ ಡಬ್ಬಿಯಲ್ಲಿ ಬರುವ ಲೆನ್ಸ್ ಒಂದನ್ನೇ ನಂಬಿಕೊಂಡರೆ ಅರ್ಧ ಕ್ಯಾಮೆರಾ ಕೊಂಡ ಹಾಗೆ.

ಸೆನ್ಸರ್ 22.3×14.9 ಮಿ.ಮೀ., ಅಂದರೆ ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಅಳತೆ. 24.2 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಬ್ಯಾಟರಿ, ಕಾರ್ಡ್ ಸೇರಿ ಬಾಡಿಯ ತೂಕ 375 ಗ್ರಾಂ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುವುದು ದೊಡ್ಡ ಅನುಕೂಲ: ಬಿಸಿಲಿನಲ್ಲಿ ಹಿಂದಿನ ಪರದೆ ಸರಿಯಾಗಿ ಕಾಣುವುದಿಲ್ಲ. ಕಣ್ಣು ಗುರುತಿಸಿ ಫೋಕಸ್ ಮಾಡುವ ವ್ಯವಸ್ಥೆ ಇದರ ಅತ್ಯುತ್ತಮ ಗುಣ. ಬಾಡಿಯೊಳಗೆ ಸೆನ್ಸರ್ ಸ್ಟೆಬಿಲೈಸೇಶನ್ ಇಲ್ಲ. ಕೈ ನಡುಕ ತಡೆಯುವುದೇನಿದ್ದರೂ ಲೆನ್ಸಿನದೇ ಕೆಲಸ.

ತೊಡಕು ಇರುವುದು ಡಬ್ಬಿಯಲ್ಲಿ ಬರುವ 18-45 ಮಿ.ಮೀ. ಕಿಟ್ ಲೆನ್ಸಿನಲ್ಲಿ. 45ಕ್ಕೆ ಜೂಮ್ ಮಾಡಿದರೆ ಅಪರ್ಚರ್ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸಂಜೆ ಮನೆಯೊಳಗೆ 1/125 ಸೆಕೆಂಡಿನ ಶಟರ್ ವೇಗಕ್ಕೆ ಐಎಸ್‌ಒ (ಬೆಳಕಿಗೆ ಸಂವೇದನೆ; ಹೆಚ್ಚಿಸಿದಷ್ಟೂ ಚಿತ್ರದಲ್ಲಿ ನಾಯ್ಸ್ ಎಂಬ ಕಾಳುಕಾಳು ಹೆಚ್ಚು) 6400 ಬೇಕಾಗುವ ಬೆಳಕಿದೆ ಎನ್ನಿ. ಅಲ್ಲೇ ಆರ್‌ಎಫ್ 50 ಮಿ.ಮೀ. ಎಫ್/1.8 ಹಾಕಿದರೆ ಸುಮಾರು 12 ಪಟ್ಟು ಬೆಳಕು ಒಳಗೆ ಬರುತ್ತದೆ, ಐಎಸ್‌ಒ 500ರ ಆಸುಪಾಸಿಗೆ ಇಳಿಯುತ್ತದೆ. ಸಾಮಾನ್ಯ ನಾಯ್ಸ್ ರಿಡಕ್ಷನ್ನಿಗೆ ಇಷ್ಟು ವ್ಯತ್ಯಾಸ ತರುವುದು ಕಷ್ಟ. ಹಾಗಾಗಿ ಹಣ ಹೊಂದಿಸುವಾಗಲೇ ಈ ಎರಡನೇ ಲೆನ್ಸನ್ನೂ ಸೇರಿಸಿಕೊಳ್ಳಿ. ಇದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಎಪಿಎಸ್-ಸಿಯಲ್ಲಿ ನೋಟ ಫುಲ್‌ಫ್ರೇಮ್ ಕ್ಯಾಮೆರಾದ 80 ಮಿ.ಮೀ. ಲೆನ್ಸಿನಷ್ಟು ಬಿಗಿಯಾಗುತ್ತದೆ, ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು.

ಈ ಬಾಡಿಯಲ್ಲಿ ಪೂರ್ಣ ಮೆಕ್ಯಾನಿಕಲ್ ಶಟರ್ ಇಲ್ಲ, ಶಟರಿನ ಎರಡು ತೆರೆಗಳಲ್ಲಿ ಮೊದಲನೆಯದು ಎಲೆಕ್ಟ್ರಾನಿಕ್. ಎಫ್/1.8ರಲ್ಲಿ 1/2000ಕ್ಕಿಂತ ವೇಗವಾಗಿ ತೆಗೆದರೆ ಹಿನ್ನೆಲೆಯ ಬೆಳಕಿನ ವೃತ್ತಗಳು ಒಂದು ಬದಿಯಲ್ಲಿ ಕತ್ತರಿಸಿದಂತೆ ಕಾಣಬಹುದು. ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಬದಲಾಯಿಸಿದರೆ ಅದು ಹೋಗುತ್ತದೆ, ಆದರೆ ಎಲ್‌ಇಡಿ ದೀಪದಡಿ ಪಟ್ಟೆಗಳು ಮೂಡಬಹುದು, ವೇಗವಾಗಿ ಚಲಿಸುವ ವಸ್ತು ಓರೆಯಾಗಬಹುದು. ಹಳೆಯ ಕ್ಯಾನನ್ ಫ್ಲಾಶ್ ಇದ್ದವರು ಗಮನಿಸಿ: ಇದರಲ್ಲಿ ಫ್ಲಾಶ್ ಕೂರಿಸುವ ಶೂ ಬೇರೆ ಬಗೆಯದು, ಎಡಿ-ಇ1 ಅಡಾಪ್ಟರ್ ಬೇಕು.

ಮೊದಲ ದಿನವೇ ರಾ ಮತ್ತು ಜೆಪಿಇಜಿ ಎರಡೂ ಉಳಿಯುವಂತೆ ಹೊಂದಿಸಿ. ಜೆಪಿಇಜಿಯಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾದಲ್ಲಿ 16,384. ನೆರಳನ್ನು ಎತ್ತಿದಾಗ ಗೊತ್ತಾಗುವುದು ಈ ವ್ಯತ್ಯಾಸವೇ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಕ್ಯಾನನ್ ಪುಕ್ಕಟೆ ಕೊಡುವ ಡಿಜಿಟಲ್ ಫೋಟೋ ಪ್ರೊಫೆಷನಲ್‌ನಿಂದ ಶುರು ಮಾಡಿ. ನೋಡಲು ಹಳೆಯ ಕಾಲದ್ದು, ವೇಗವೂ ಕಡಿಮೆ. ಆದರೂ ಕ್ಯಾಮೆರಾ ಪರದೆಯಲ್ಲಿ ಕಂಡ ಬಣ್ಣವೇ ಇಲ್ಲೂ ಸಿಗುತ್ತದೆ. ಕಿಟ್ ಲೆನ್ಸು 18ರಲ್ಲಿ ನೇರ ಗೆರೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ. ಅದನ್ನು ತಿದ್ದುವ ಮಾಹಿತಿ ಇದರಲ್ಲಿದೆ.

ಮುಂದಿನ ಹೆಜ್ಜೆ ಡಾರ್ಕ್‌ಟೇಬಲ್. ಇದೂ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೋಟೋ ತೆರೆದೊಡನೆ ಚಿತ್ರ ಮಂಕಾಗಿ ಕಂಡು ಹಲವರು ಅಲ್ಲೇ ಕೈಬಿಡುತ್ತಾರೆ. ತಪ್ಪೇನೂ ಆಗಿರುವುದಿಲ್ಲ: ಮೊದಲು ಕಂಡದ್ದು ಫೈಲಿನೊಳಗಿನ ಜೆಪಿಇಜಿ, ಈಗ ಕಾಣುತ್ತಿರುವುದು ರಾ. ಪ್ರಿಫರೆನ್ಸಸ್‌ನಲ್ಲಿ ವರ್ಕ್‌ಫ್ಲೋ ಸಿಗ್ಮಾಯ್ಡ್‌ಗೆ (ಸೆನ್ಸರ್ ಹಿಡಿದ ಬೆಳಕನ್ನು ಪರದೆಗೆ ಹೊಂದಿಸುವ ಉಪಕರಣ) ಇಟ್ಟು, ಮೊದಲು ಎಕ್ಸ್‌ಪೋಶರ್‌ನಿಂದ ಮುಖದ ಬೆಳಕು ಸರಿಮಾಡಿ. ಆಕಾಶ ಬೆಳ್ಳಗಾದರೆ ಚಿಂತೆ ಬೇಡ, ಸೆನ್ಸರಿನಲ್ಲಿ ವಿವರ ಉಳಿದಿದ್ದರೆ ಸಿಗ್ಮಾಯ್ಡ್ ಅದನ್ನು ಹಿಡಿತಕ್ಕೆ ತರುತ್ತದೆ. ಆಮೇಲೆ ಬಣ್ಣ, ಕೊನೆಗೆ ನಾಯ್ಸ್ ಕಡಿಮೆ ಮಾಡುವ ಪ್ರೊಫೈಲ್ಡ್ ಡಿನಾಯ್ಸ್. ಸಿಗ್ಮಾಯ್ಡ್, ಫಿಲ್ಮಿಕ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೇ ಕೆಲಸ ಎರಡು ಸಲ ನಡೆದು ಚಿತ್ರ ಕೆಡುತ್ತದೆ. ಲೆನ್ಸ್ ಕರೆಕ್ಷನ್ನಿನ ಪಟ್ಟಿಯಲ್ಲಿ ನಿಮ್ಮ ಲೆನ್ಸಿನ ಹೆಸರು ಕಾಣದಿದ್ದರೆ ಆ ಒಂದು ಕೆಲಸವನ್ನು ಕ್ಯಾನನ್ ಸಾಫ್ಟ್‌ವೇರಿಗೇ ಬಿಡಿ. ತಿದ್ದುಪಡಿಗಳೆಲ್ಲ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲೂ ಉಳಿಯುತ್ತವೆ. ಬ್ಯಾಕಪ್ ತೆಗೆಯುವಾಗ ರಾ ಜೊತೆ ಅದನ್ನೂ ನಕಲು ಮಾಡಿ. ವೆಬ್ಬಿಗೆ ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಎಂಬ ಬಣ್ಣದ ಪ್ರೊಫೈಲ್ ಇರಲಿ, ಇಲ್ಲದಿದ್ದರೆ ಬೇರೆಯವರ ಪರದೆಯಲ್ಲಿ ಬಣ್ಣ ಬದಲಾಗಬಹುದು.

24 ಮೆಗಾಪಿಕ್ಸೆಲ್ ಚಿತ್ರದ ಒಂದೊಂದು ಪ್ರತಿಯೂ ಡಾರ್ಕ್‌ಟೇಬಲ್ ಒಳಗೆ ಸುಮಾರು 384 ಎಂಬಿ ಹಿಡಿಯುತ್ತದೆ, ಇಂಥ ಹಲವು ಪ್ರತಿ ಏಕಕಾಲಕ್ಕೆ ಬೇಕು. 4 ಜಿಬಿ ರ‍್ಯಾಮ್ ಇದ್ದರೆ ಏದುಸಿರು ಬಿಡುತ್ತದೆ. 8 ಕನಿಷ್ಠ, 16 ಇದ್ದರೆ ನೆಮ್ಮದಿ. ಗಿಂಪ್ ಎಂಬ ಉಚಿತ ಚಿತ್ರ ಎಡಿಟರ್ ಒಂದನ್ನೇ ಹಾಕಿಕೊಂಡವರಿಗೆ ರಾ ತೆರೆಯುವುದಿಲ್ಲ, ಅದಕ್ಕೂ ಡಾರ್ಕ್‌ಟೇಬಲ್ ಅಥವಾ ಅದರಂಥದೇ ರಾಥೆರಪಿ ಬೇಕು. ಚಂದಾ ಕಟ್ಟಿ ಬಳಸುವ ಲೈಟ್‌ರೂಮ್ ಕಲಿಯಲು ಸುಲಭ ನಿಜ, ಆದರೆ ಚಂದಾ ನಿಂತರೆ ಎಡಿಟಿಂಗ್ ನಿಲ್ಲುತ್ತದೆ.

ಹಕ್ಕಿ, ಆಟೋಟ ಇವನ್ನೇ ತೆಗೆಯಬೇಕೆಂದಿರುವವರಿಗೆ ಆರ್50 ಸಾಲದು. ರಾದಲ್ಲಿ ಸಾಲಾಗಿ ಕ್ಲಿಕ್ಕಿಸಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಬೇಗ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಅವರು ಮೆಕ್ಯಾನಿಕಲ್ ಶಟರ್, ಎರಡು ಡಯಲ್, ಜಾಯ್‌ಸ್ಟಿಕ್ ಇರುವ ಕ್ಯಾನನ್ ಆರ್10 ನೋಡಲಿ.