ಅವಸರಕ್ಕೆ ತೆತ್ತ ಬೆಲೆ: ಸಾಲ ತೀರಿಸಲು ನಾನು ಹಿಡಿದ ದಾರಿಗಳ ಹೋಲಿಕೆ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆ ಮತ್ತು ತಂಗಿಯ ಮದುವೆ ಒಂದರ ಹಿಂದೊಂದು ಬಂದು ಮುಗಿದ ಮೇಲೆ, 2022ರ ಫೆಬ್ರವರಿ ಕೊನೆಯಲ್ಲಿ ನಮ್ಮ ಮೇಲೆ ಐದು ಸಾಲಗಳಿದ್ದವು. ಬ್ಯಾಂಕಿನ ವೈಯಕ್ತಿಕ ಸಾಲ 3,00,000 ರೂಪಾಯಿ, ವರ್ಷಕ್ಕೆ ಶೇ. 14ರ ಬಡ್ಡಿ, 60 ಕಂತು, ತಿಂಗಳಿಗೆ 6,980. ಭತ್ತದ ದಲ್ಲಾಳಿಯೊಬ್ಬರಿಂದ ತಂದ ಕೈಸಾಲ 60,000, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಕ್ರೆಡಿಟ್ ಕಾರ್ಡಿನ ಬಾಕಿ 38,000, ತಿಂಗಳಿಗೆ ಶೇ. 3.5. ಸೋದರತ್ತೆಯಿಂದ ಪಡೆದ 15,000 ಮತ್ತು ಕಿರಾಣಿ ಅಂಗಡಿಯ ಉದ್ರಿ 9,000, ಇವೆರಡಕ್ಕೂ ಬಡ್ಡಿಯಿರಲಿಲ್ಲ. ನನ್ನ ಸಂಬಳ ಮತ್ತು ನಮ್ಮ ಮನೆಯವರ ದುಡಿಮೆ ಸೇರಿ 41,000 ಬರುತ್ತಿತ್ತು. ಮನೆ ಖರ್ಚು ಕಳೆದು ಸಾಲಕ್ಕೆಂದು ತೆಗೆದಿಡಲು ಆಗುತ್ತಿದ್ದದ್ದು 16,000.

ಆ 16,000ದಲ್ಲಿ ಬ್ಯಾಂಕಿನ ಕಂತು, ಕೈಸಾಲದ ಬಡ್ಡಿ 1,800 ಮತ್ತು ಕಾರ್ಡಿನ ಬಡ್ಡಿ 1,330 ಹೋದರೆ, ನಿಜವಾಗಿ ಸಾಲ ಇಳಿಸಲು ಕೈಯಲ್ಲಿ ಉಳಿಯುತ್ತಿದ್ದದ್ದು ಸುಮಾರು 5,900 ರೂಪಾಯಿ. ಅದನ್ನು ಯಾವ ಸಾಲಕ್ಕೆ ಹಾಕಬೇಕು, ಹೇಗೆ ಹಾಕಬೇಕು ಎಂಬುದರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಾನು ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಪ್ರತಿಯೊಂದನ್ನೂ ಎರಡು ಅಳತೆಯಲ್ಲಿ ತೂಗುತ್ತೇನೆ: ಎಷ್ಟು ರೂಪಾಯಿ ಉಳಿಯಿತು ಎಂಬುದು ಒಂದು, ‘ಇದು ಇವತ್ತೇ ಮುಗಿಯಬಾರದೇ’ ಎಂಬ ಚಡಪಡಿಕೆ ಎಷ್ಟು ತಗ್ಗಿತು ಎಂಬುದು ಇನ್ನೊಂದು. ಎರಡನೆಯದನ್ನು ಲೆಕ್ಕದಿಂದ ಹೊರಗಿಡಲು ನಾನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ಅತಿ ದುಬಾರಿ ತಪ್ಪುಗಳೆಲ್ಲ ಆ ಚಡಪಡಿಕೆಯಿಂದಲೇ ಆದವು.

ಮೊದಲ ನಾಲ್ಕು ತಿಂಗಳು ಸಣ್ಣ ಸಾಲಗಳನ್ನು ತೀರಿಸಿದೆ. ಬಡ್ಡಿಯಿಲ್ಲದ 24,000 ರೂಪಾಯಿಯನ್ನು ಮೊದಲು ಮುಗಿಸುವುದು ಲೆಕ್ಕದ ದೃಷ್ಟಿಯಿಂದ ಸರಿಯಲ್ಲ ಎಂದು ಆಗಲೂ ಗೊತ್ತಿತ್ತು. ಅದೇ ಹಣವನ್ನು ನಾಲ್ಕು ತಿಂಗಳು ಮೊದಲೇ ಕಾರ್ಡಿಗೆ ಕಟ್ಟಿದ್ದರೆ ಸುಮಾರು 3,300 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಆದರೆ ಅತ್ತೆಯವರ ಮನೆಯ ಸೀಮಂತಕ್ಕೆ ಹೋಗಬೇಕಾದಾಗ ಹಿಂದಿನ ದಿನವೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಜೂನ್ ತಿಂಗಳಲ್ಲಿ ಕೊನೆಯ 4,000 ರೂಪಾಯಿಯನ್ನು ಅವರ ಕೈಗೆ ಕೊಟ್ಟಾಗ ಅವರು ಎಣಿಸಲೂ ಇಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡು ‘ಊಟ ಮಾಡಿಕೊಂಡ ಹೋಗವ್ವ’ ಎಂದರು. ಅಂದು ರಾತ್ರಿ ನಾನು ಬಹಳ ದಿನಗಳ ನಂತರ ನಿದ್ದೆ ಮಾಡಿದೆ. 3,300 ರೂಪಾಯಿ ಕೊಟ್ಟು ಕೊಂಡ ಆ ನಿದ್ದೆಗೆ ನನ್ನ ತಕರಾರಿಲ್ಲ. ಆದರೆ ಈ ದಾರಿಗೆ ಒಂದು ಮಿತಿ ಬೇಕು. ಸಣ್ಣದು ತೀರಿದ ಖುಷಿಗೆ ರುಚಿ ಹತ್ತಿ, ಕಾರ್ಡಿನ ಬಾಕಿಯನ್ನು ಇನ್ನೂ ಮುಂದೂಡಿದ್ದರೆ ಆ ಬೆಲೆ ತಿಂಗಳು ತಿಂಗಳಿಗೆ ಏರುತ್ತಿತ್ತು.

ಜುಲೈಯಿಂದ ಹೆಚ್ಚು ಬಡ್ಡಿಯ ಸಾಲ ಮೊದಲು ಎಂಬ ದಾರಿಗೆ ಹೊರಳಿದೆ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42, ಅದರ ಮೇಲೆ ಬಡ್ಡಿಗೆ ಶೇ. 18ರ ಜಿಎಸ್‌ಟಿ ಬೇರೆ. ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ ಶೇ. 5ರಂತೆ 1,900 ಇತ್ತು. ಬಡ್ಡಿ ಮತ್ತು ಜಿಎಸ್‌ಟಿ ಸೇರಿ 1,569 ಅದರಲ್ಲೇ ಹೋಗಿ, ಬಾಕಿಯಿಂದ ಇಳಿಯುತ್ತಿದ್ದದ್ದು 331 ರೂಪಾಯಿ ಮಾತ್ರ. ಹಳೆಯ ಬಾಕಿ ಇರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲವಾದ್ದರಿಂದ ಕಾರ್ಡನ್ನು ಅವ್ವನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆವು.

ಈ ಆರು ತಿಂಗಳಲ್ಲಿ ನನಗೆ ದಕ್ಕಿದ ಅತ್ಯಂತ ಉಪಯುಕ್ತ ಉಪಾಯವೊಂದಿದೆ. ಮೊದಲ ತಿಂಗಳು ನಾನು ದಿನಕ್ಕೆ ಮೂರು ನಾಲ್ಕು ಸಲ ಮೊಬೈಲಿನಲ್ಲಿ ಬಾಕಿ ನೋಡುತ್ತಿದ್ದೆ; ನೋಡಿದಷ್ಟೂ ಅದು ಕದಲದೆ ನಿಂತಂತೆ ಕಾಣುತ್ತಿತ್ತು, ಗಿರಣಿಯ ಲೆಕ್ಕದಲ್ಲಿ ತಪ್ಪು ಬರುತ್ತಿತ್ತು, ಮನೆಯಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೆ. ಎರಡನೆಯ ತಿಂಗಳಿನಿಂದ ಕಾರ್ಡಿಗೆಂದು ಇಟ್ಟ ಹಣವನ್ನು ತಿಂಗಳ ಕೊನೆಗೆ ಒಮ್ಮೆಲೇ ಕಟ್ಟುವ ಬದಲು ಪ್ರತಿ ಸೋಮವಾರ 1,800 ರೂಪಾಯಿಯಂತೆ ಕಟ್ಟತೊಡಗಿದೆ. ಕಾರ್ಡಿನ ಬಡ್ಡಿ ದಿನದ ಬಾಕಿಯ ಮೇಲೆ ಬೀಳುವುದರಿಂದ ಬೇಗ ಕಟ್ಟಿದಷ್ಟೂ ಒಂದಿಷ್ಟು ಉಳಿಯುತ್ತದೆ, ನಿಜ; ಆದರೆ ಆ ಉಳಿಕೆ ಅಲ್ಪ. ದೊಡ್ಡ ಲಾಭ ಬೇರೆಯೇ ಇತ್ತು. ನನ್ನ ಆತುರಕ್ಕೆ ವಾರಕ್ಕೊಂದು ಕೆಲಸ ಸಿಕ್ಕಿತು. ಏನಾದರೂ ಮಾಡಲೇಬೇಕು ಎಂದು ಕೈ ತುರಿಸಿದಾಗ ‘ಸೋಮವಾರ ಇದೆ’ ಎಂದುಕೊಳ್ಳಲು ಸಾಧ್ಯವಾಯಿತು. ಬಾಕಿ ನೋಡುವುದನ್ನೂ ಸೋಮವಾರಕ್ಕೇ ಸೀಮಿತಗೊಳಿಸಿದೆ. ಡಿಸೆಂಬರ್ ಕೊನೆಗೆ ಕಾರ್ಡು ಮುಗಿಯಿತು. ಆತುರವನ್ನು ಅದುಮಿಡುವುದಕ್ಕಿಂತ ಅದಕ್ಕೆ ಅಪಾಯವಿಲ್ಲದ ಕೆಲಸ ಕೊಡುವುದು ಮೇಲು ಎಂಬ ನನ್ನ ಅಭಿಪ್ರಾಯ ಇಲ್ಲಿಂದ ಹುಟ್ಟಿದ್ದು.

ಕೈಸಾಲಕ್ಕೆ ಬಂದಾಗ ಈ ಉಪಾಯ ನಡೆಯಲಿಲ್ಲ. 5,000 ರೂಪಾಯಿ ಹಿಡಿದುಕೊಂಡು ಹೋದರೆ ಅಸಲಿಗೆ ಮುರಿದುಕೊಳ್ಳಲು ದಲ್ಲಾಳಿ ಒಪ್ಪಲಿಲ್ಲ. ‘ತುಣುಕು ತುಣುಕು ಬ್ಯಾಡಮ್ಮ, ಕೊಟ್ರ ಒಮ್ಮೆಲೆ ಇಡುಗಂಟು ಕೊಡು’ ಎಂದರು. ಬಂಗಾರವಿದ್ದವರು ಇಂಥ ಕಡೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು, ಕಡಿಮೆ ಬಡ್ಡಿಯ ಸಾಲದಿಂದ ಕೈಸಾಲ ತೀರಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಬಂಗಾರ ಮದುವೆಗೇ ಹೋಗಿತ್ತು. ಉಳಿದದ್ದು ಎರಡು ದಾರಿ: ತಿಂಗಳಿಗೆ 7,220ರಂತೆ ಕೂಡಿಟ್ಟು ಒಂಬತ್ತು ತಿಂಗಳ ನಂತರ ಇಡುಗಂಟು ಕೊಡುವುದು, ಇಲ್ಲವೇ ಚೀಟಿ ಎತ್ತುವುದು.

ನಾನು ಚೀಟಿ ಹಾಕಿದೆ. 20 ಜನ, ತಿಂಗಳಿಗೆ 3,000, ಒಟ್ಟು 60,000ದ ಚೀಟಿ. ಪ್ರತಿ ತಿಂಗಳ ಸವಾಲಿನಲ್ಲಿ ಹೆಚ್ಚು ಹಣ ಬಿಟ್ಟುಕೊಡಲು ಒಪ್ಪಿದವರಿಗೆ ಉಳಿದ ಮೊತ್ತ ಸಿಗುತ್ತದೆ, ಬಿಟ್ಟ ಹಣ ಸದಸ್ಯರಿಗೆ ಹಂಚಿಕೆಯಾಗುತ್ತದೆ. ನಾಲ್ಕನೆಯ ತಿಂಗಳ ಸವಾಲು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಚೀಟಿ ನಡೆಸುವವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು, 12,000ಕ್ಕಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ ಎಂದು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಹೋಗಿದ್ದೆ. ಎದುರಿಗೆ ಕೂತಿದ್ದವರು 12,500 ಎಂದಾಗ ನಾನು ತಡೆಯದೆ 13,500 ಎಂದೆ, ಅವರು 14,000 ಎಂದರು, ನಾನು ಒಂದು ಕ್ಷಣವೂ ಯೋಚಿಸದೆ 15,000 ಎಂದುಬಿಟ್ಟೆ. ಕೈಗೆ ಬಂದದ್ದು 45,000. ಮನೆಗೆ ಬಂದು ಕೈ ತೊಳೆಯುವಾಗ ಅಂಗೈಯ ಅಂಕಿ ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಅದರ ಜೊತೆಗೆ ಬದಿಗೆ ಕೂಡಿಟ್ಟಿದ್ದ 19,000 ಸೇರಿಸಿ 2023ರ ಏಪ್ರಿಲ್‌ನಲ್ಲಿ ಕೈಸಾಲ ಮುಗಿಸಿದೆ.

ಚೀಟಿ ಮುಗಿಯುವ ತನಕ ನನಗೆ ಹಂಚಿಕೆಯಾಗಿ ಬಂದದ್ದು ಒಟ್ಟು 7,400. ಹಾಗಾಗಿ ಚೀಟಿಯ ನಿಜವಾದ ಖರ್ಚು 7,600, ನಾಲ್ಕು ತಿಂಗಳ ಕೈಸಾಲದ ಬಡ್ಡಿ 7,200, ಎರಡೂ ಸೇರಿ 14,800. ಕೂಡಿಟ್ಟು ಕೊಡುವ ದಾರಿಯಲ್ಲಿ ಒಂಬತ್ತು ತಿಂಗಳ ಬಡ್ಡಿ 16,200 ಆಗುತ್ತಿತ್ತು. ಅಂದರೆ ಚೀಟಿಯಿಂದ ಲಾಭ 1,400 ರೂಪಾಯಿ. ಅಂಗೈಯ ಅಂಕಿಗೆ ನಿಂತಿದ್ದರೆ ಅದು 4,000 ದಾಟುತ್ತಿತ್ತು. ಈ ಅಲ್ಪ ಲಾಭಕ್ಕಾಗಿ ಇನ್ನೂ 16 ತಿಂಗಳು ಕಂತಿನ ಹೊಣೆ ಹೊತ್ತುಕೊಂಡೆ. ಅದು ಪರಿಚಯದವರ ನಡುವಿನ ಚೀಟಿ, ನೋಂದಣಿ ಇರಲಿಲ್ಲ, ನಡೆಸುವವರು ಕೈಯೆತ್ತಿದ್ದರೆ ಕೇಳಲು ದಾರಿಯೂ ಇರಲಿಲ್ಲ. ಚೀಟಿಯೇ ಬೇಕೆನ್ನುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ್ದನ್ನೇ ಹುಡುಕಬೇಕು. ಅಲ್ಲಿ ನಡೆಸುವವರ ಕಮಿಷನ್ನಿಗೆ ಮಿತಿಯಿದೆ, 2019ರ ತಿದ್ದುಪಡಿಯಲ್ಲಿ ಅದನ್ನು ಶೇ. 5ರಿಂದ 7ಕ್ಕೆ ಏರಿಸಲಾಗಿದೆ. ಆತುರದ ಸ್ವಭಾವದವರಿಗೆ ಚೀಟಿಯ ಸವಾಲು ಒಳ್ಳೆಯ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಯಾರಿಗೆ ತಡೆಯಲಾಗುವುದಿಲ್ಲವೋ ಅವರು ಬಿಟ್ಟುಕೊಟ್ಟ ಹಣ ಕಾಯುವವರಿಗೆಲ್ಲ ಹಂಚಿಕೆಯಾಗಿ ಹೋಗುತ್ತದೆ.

ಇನ್ನುಳಿದದ್ದು ಬ್ಯಾಂಕಿನ ಸಾಲ, ಮತ್ತು ನನ್ನ ದೊಡ್ಡ ತಪ್ಪು. 2023ರ ನವೆಂಬರ್‌ನಲ್ಲಿ, ದೀಪಾವಳಿಯ ಬೋನಸ್ ಸೇರಿ ಕೈಯಲ್ಲಿ 50,000 ಇತ್ತು. ಮನೆಯವರು ‘ಅರ್ಧ ಕಟ್ಟು, ಅರ್ಧ ಇರಲಿ’ ಎಂದರೂ ಕೇಳದೆ ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಿದೆ. ಸ್ಥಿರ ಬಡ್ಡಿಯ ಸಾಲವಾದ್ದರಿಂದ ಕರಾರಿನ ಪ್ರಕಾರ ಶೇ. 3 ಶುಲ್ಕ ಮತ್ತು ಜಿಎಸ್‌ಟಿ ಸೇರಿ 1,770 ಹೋಯಿತು. ಕಂತಿನ ಮೊತ್ತ ಇಳಿಸದೆ ಅವಧಿ ಇಳಿಸಿರೆಂದು ಬರೆದುಕೊಟ್ಟೆ; ಉಳಿದಿದ್ದ 39 ಕಂತು 29ಕ್ಕೆ ಇಳಿಯಿತು. ಕೊನೆಯವರೆಗೆ ನೋಡಿದರೆ ಇದರಿಂದ ಉಳಿಯುವ ಬಡ್ಡಿ ಸುಮಾರು 24,000, ಆದ್ದರಿಂದ ಮುಂಗಡ ಕಟ್ಟಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಕೈ ಪೂರ್ತಿ ಬರಿದು ಮಾಡಿಕೊಂಡದ್ದು ತಪ್ಪು. ಮೂರೇ ವಾರದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು, ಬಳ್ಳಾರಿಗೆ ಕರೆದೊಯ್ಯಬೇಕಾಯಿತು, ಮತ್ತೆ ಅದೇ ದಲ್ಲಾಳಿಯ ಮುಂದೆ ನಿಂತು ನೂರಕ್ಕೆ ಮೂರರಂತೆ 20,000 ತಂದೆ. ಮುಂಗಡ ಕಟ್ಟಿದ 50,000ದಿಂದ ತಿಂಗಳಿಗೆ ಉಳಿಯುತ್ತಿದ್ದ ಬಡ್ಡಿ 583 ರೂಪಾಯಿ. ಹೊಸ 20,000ಕ್ಕೆ ತಿಂಗಳಿಗೆ ಕೊಡಬೇಕಾದ ಬಡ್ಡಿ 600 ರೂಪಾಯಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದ ದಿನ ನಾನು ಅಡುಗೆಮನೆಯಲ್ಲಿ ಕುಳಿತು ಅತ್ತೆ.

ಈ ಸಲ ಚೀಟಿಯ ಕಡೆ ತಿರುಗಿಯೂ ನೋಡದೆ ಕೂಡಿಡುವ ದಾರಿ ಹಿಡಿದೆ. ಮೊಬೈಲಿನಲ್ಲಿ ಕಾಣದಿರಲೆಂದು ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತ ಹೋದೆ; ಅಲ್ಲಿಗೆ ನಡೆದು ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಪಾಸ್‌ಬುಕ್ಕಿನಲ್ಲಿ ಮುದ್ರೆ ಬೀಳಬೇಕು. ಕಾರ್ಡಿನ ಸೋಮವಾರ ಮಾಡಿದ ಕೆಲಸವನ್ನೇ ಆ ಮುದ್ರೆ ಮಾಡಿತು. ನಾಲ್ಕು ತಿಂಗಳಲ್ಲಿ ಇಡುಗಂಟು ಕೂಡಿತು. ಹೋಲಿಸಿ ಹೇಳುವುದಾದರೆ, ಸಣ್ಣ ಮೊತ್ತದ ಕೈಸಾಲಕ್ಕೆ ಇದು ಚೀಟಿಗಿಂತ ನಿಸ್ಸಂಶಯವಾಗಿ ಮೇಲು.

ಚೀಟಿಯ ಕೊನೆಯ ಕಂತು ಮುಗಿದದ್ದು 2024ರ ಆಗಸ್ಟ್‌ನಲ್ಲಿ. ಅದೇ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸುವ ತನಕ ಒಂದು ವಾರ ನಮ್ಮ ಗಿರಣಿಯಲ್ಲಿ ಯಾರಿಗೂ ಕೆಲಸದ ಮೇಲೆ ಗಮನವಿರಲಿಲ್ಲ. ಭತ್ತ ಬಾರದಿದ್ದರೆ ಗಿರಣಿಯಿಲ್ಲ, ಗಿರಣಿಯಿಲ್ಲದಿದ್ದರೆ ಸಂಬಳವಿಲ್ಲ. ಚೀಟಿ ಮುಗಿದು ಬಿಡುವಾದ ಹಣವನ್ನು ಬ್ಯಾಂಕಿಗೆ ಕಟ್ಟುವ ಯೋಚನೆಯನ್ನು ಅಂದೇ ಕೈಬಿಟ್ಟು, ಆರು ತಿಂಗಳು ಅಂಚೆ ಖಾತೆಗೇ ಹಾಕಿ 54,000 ಮಾಡಿದೆ. ಅದು ಇಂದಿಗೂ ಹಾಗೆಯೇ ಇದೆ.

ಈಗ ಬ್ಯಾಂಕಿನ ಸಾಲವನ್ನು ನಾನು ಕಿರ್ದಿ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಮಾತ್ರ ಬರೆಯುತ್ತೇನೆ, ಅಸಲಿಗೊಂದು ಕಲಂ, ಬಡ್ಡಿಗೊಂದು ಕಲಂ. ಹಳೆಯ ಕಂತುಗಳನ್ನೂ ತುಂಬಿಸುವಾಗ ಕಂಡ ಸಂಗತಿ ಇದು: ಮೊದಲ ಕಂತಿನಲ್ಲಿ ಬಡ್ಡಿ 3,500, ಅಸಲು 3,480, ಎರಡನೆಯದರಲ್ಲಿ ಬಡ್ಡಿ 3,459, ಅಸಲು 3,521. ಸಾಲ ಕದಲುತ್ತಲೇ ಇಲ್ಲವೆಂದು ನಾನು ಒದ್ದಾಡುತ್ತಿದ್ದ ಆ ದಿನಗಳಲ್ಲೇ ಅಸಲು ಬಡ್ಡಿಯನ್ನು ದಾಟಿತ್ತು. ಮೊಬೈಲಿನ ಒಂದೇ ಒಂದು ದೊಡ್ಡ ಅಂಕಿ ಇದನ್ನು ತೋರಿಸುವುದಿಲ್ಲ, ಎರಡು ಕಲಂ ತೋರಿಸುತ್ತವೆ. ಯಾವ ಸಾಲ ಮೊದಲು ಎಂಬ ಪ್ರಶ್ನೆಗೆ ಉತ್ತರ ಯಾವುದೇ ಇರಲಿ, ಈ ಪುಸ್ತಕವನ್ನು ಮೊದಲ ತಿಂಗಳಿನಿಂದಲೇ ಇಡಬೇಕಿತ್ತು.

2025ರ ನವೆಂಬರ್ ಕಂತು ಕಟ್ಟಿದ ಮೇಲೆ ಇನ್ನು ಐದು ಕಂತು ಉಳಿದಿವೆ. ಬಾಕಿ ಸುಮಾರು 29,500. ಅಂಚೆ ಖಾತೆಯಿಂದ ತೆಗೆದು ನಾಳೆಯೇ ಮುಚ್ಚಿಬಿಡಬಹುದು, ಈ ವಾರ ಅದೇ ಆಸೆ ಮತ್ತೆ ಬಂದಿತ್ತು. ಪುಸ್ತಕ ತೆಗೆದು ಬರೆದೆ: ಕಾದರೆ ಕೊಡಬೇಕಾದ ಬಡ್ಡಿ ಸುಮಾರು 940, ಈಗಲೇ ಮುಚ್ಚಿದರೆ ಕೊಡಬೇಕಾದ ಶುಲ್ಕ ಜಿಎಸ್‌ಟಿ ಸೇರಿ ಸುಮಾರು 1,045. ಅಂಚೆಯ ಪಾಸ್‌ಬುಕ್ಕನ್ನು ಟ್ರಂಕಿಗೆ ಹಿಂದಿರುಗಿಸಿದ್ದೇನೆ. ಕೊನೆಯ ಕಂತು 2026ರ ಏಪ್ರಿಲ್‌ನಲ್ಲಿ ಬರುತ್ತದೆ, ಅದು ಪೂರ್ತಿ 6,980 ಅಲ್ಲ, 2,550ರ ಆಸುಪಾಸು.